ಲೇಬಲ್ ಕಿತ್ತ ಡಬ್ಬಿಗಳು

ನನ್ನ ಎಡಗೈ ಹೆಬ್ಬೆರಳಿನ ಉಗುರು ಒಂದು ಕಾಲದಲ್ಲಿ ಅರ್ಧ ಇಂಚು ಉದ್ದ ಇತ್ತು. ನೆಂಟರ ಮನೆಯ ಊಟದ ಪಂಕ್ತಿಯಲ್ಲಿ ಅದನ್ನು ಕಂಡವರು ಮುಖ ಸಿಂಡರಿಸುತ್ತಿದ್ದರು. ನನ್ನ ಹೆಂಡತಿಯಂತೂ, "ವೀಣೆ ನುಡಿಸೋಕೆ ಬೆಳೆಸಿದ್ದೀರೇನೋ ವಿದ್ವಾಂಸರು" ಎಂದು ಹಂಗಿಸುತ್ತಿದ್ದಳು. ವೀಣೆಗಲ್ಲ, ಅದು ನನ್ನ ಕೆಲಸದ ಹತಾರವಾಗಿತ್ತು. ಏನು ಕೆಲಸ ಅಂತ ಅವಳಿಗೂ ಪೂರ್ತಿ ಹೇಳಿರಲಿಲ್ಲ.

ಹಾಸನ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ, ಎಚ್‌ಐವಿ ಇರುವವರಿಗೆ ಮಾತ್ರೆ ಕೊಡುವ ಕಿಟಕಿಯ ಹಿಂದೆ ಕೂತಿದ್ದ ಫಾರ್ಮಸಿಸ್ಟ್ ನಾನು. ಯಾವ ಊರಿನ ಆಸ್ಪತ್ರೆ ಅಂತ ಬರೆಯುವುದಿಲ್ಲ. ಅಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದವನಿಗೆ ನಿವೃತ್ತಿಯಾದ ಮೇಲೂ ಆ ಚಟ ಬಿಟ್ಟಿಲ್ಲ. ಇಲ್ಲಿ ಬರುವ ರೋಗಿಗಳ ಹೆಸರುಗಳೂ ನಾನು ಇಟ್ಟವೇ. ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡಿ, "ಸರ್, ಏನಾದ್ರೂ ಟಿಪ್ಸ್ ಕೊಡಿ" ಅಂತಾರೆ. ಟಿಪ್ಸ್ ನನ್ನ ಹತ್ತಿರ ಇಲ್ಲ. ಎರಡು ತಪ್ಪುಗಳಿವೆ. ಒಂದನ್ನು ಬಾಯಿಂದ ಮಾಡಿದೆ, ಇನ್ನೊಂದನ್ನು ಆ ಉಗುರಿನಿಂದ. ಅವನ್ನೇ ಬರೆಯುತ್ತೇನೆ.

ಮೊದಲು ಬಾಯಿಯ ತಪ್ಪು. ಎಚ್‌ಐವಿ ಮಾತ್ರೆಯ ಆ ಕೇಂದ್ರಕ್ಕೆ ಹೋಗುವ ಮುಂಚೆ ನಾನು ಸಾಮಾನ್ಯ ಔಷಧಿ ಕೌಂಟರಿನಲ್ಲಿದ್ದೆ. ಅಲ್ಲಿ ಹೆಸರು ಕೂಗಿದರೆ ಗೇಟಿನವರೆಗೆ ಕೇಳಬೇಕು. ಅದೇ ಗಂಟಲನ್ನು ಇಲ್ಲಿಗೂ ತಂದೆ. ಒಂದು ದಿನ ಒಂದೇ ಹೆಸರಿನ ಇಬ್ಬರು ಹೆಂಗಸರ ಚೀಟಿ ಒಟ್ಟಿಗೆ ಬಂತು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಚನ್ನರಾಯಪಟ್ಟಣದ ಲಕ್ಷ್ಮಿ ಯಾರಮ್ಮಾ?" ಎಂದು ಕೂಗಿದೆ. ಮೂಲೆಯ ಬೆಂಚಿನಲ್ಲಿ ಸೆರಗು ಹೊದ್ದು ಕೂತಿದ್ದ ಒಬ್ಬ ಹೆಂಗಸು ಏಳಲಿಲ್ಲ. ಎದುರು ಬೆಂಚಿನಲ್ಲಿದ್ದ ಗಂಡಸೊಬ್ಬ ಥಟ್ಟನೆ ಅವಳ ಕಡೆ ತಿರುಗಿದ. ಅವನೂ ಅದೇ ಊರಿನವನಂತೆ. ಆಕೆ ಎದ್ದು, ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಹೊರಗೆ ನಡೆದುಬಿಟ್ಟಳು.

ನಮ್ಮ ಕಡೆಯವರ ರೀತಿ ನನಗೆ ಆಗ ಗೊತ್ತಿರಲಿಲ್ಲ. ಹತ್ತಿರದ ಊರಿನಲ್ಲೇ ಮಾತ್ರೆ ಸಿಕ್ಕರೂ ಅಲ್ಲಿಗೆ ಹೋಗುವುದಿಲ್ಲ. ಅರಕಲಗೂಡಿನವರು ಚನ್ನರಾಯಪಟ್ಟಣದ ಬಸ್ಸು ಹಿಡಿಯುತ್ತಾರೆ, ಹೊಳೆನರಸೀಪುರದವರು ಹಾಸನಕ್ಕೆ, ಹಾಸನದವರು ಇನ್ನೆಲ್ಲಿಗೋ ಹೋಗುತ್ತಾರೆ. ಪರಿಚಯದವರು ಎದುರಾದರೆ ಬಾಯಲ್ಲಿ ಒಂದು ನೆಪ ಸಿದ್ಧ: ಶ್ರವಣಬೆಳಗೊಳದಲ್ಲಿ ನೆಂಟರ ಮನೆ, ದುದ್ದದಲ್ಲಿ ಹಸು ನೋಡಬೇಕಿತ್ತು. ಹೀಗೆ ಊರು ದಾಟಿ ತಲೆಮರೆಸಿಕೊಂಡು ಬಂದವಳ ಊರನ್ನೇ ನಾನು ಡಂಗುರ ಸಾರಿದ್ದೆ. ಲಕ್ಷ್ಮಿ ಮತ್ತೆ ಬರಲಿಲ್ಲ. ಅವಳ ಹೆಸರು ಬರೆದು ತೆಗೆದಿಟ್ಟ ಡಬ್ಬಿ ಅವಧಿ ಮುಗಿಯುವವರೆಗೂ ನನ್ನ ಶೆಲ್ಫಿನಲ್ಲಿ ಕೂತಿತ್ತು. ಬೆಳಿಗ್ಗೆ ಬೀಗ ತೆಗೆದಾಗ ಮೊದಲು ಕಾಣುತ್ತಿದ್ದುದು ಅದೇ.

ಆಮೇಲೆ ನಾನು ಪೂರ್ತಿ ಉಲ್ಟಾ ತಿರುಗಿದೆ. ಪಿಸುಮಾತು, ಸನ್ನೆ, ಟೋಕನ್ ನಂಬರು. ಜನ ಡಬ್ಬಿಯ ಮೇಲಿನ ಲೇಬಲ್ಲಿಗೆ ಹೆದರುತ್ತಾರೆ ಎಂದು ತಿಳಿದ ಮೇಲೆ ಉಗುರು ಬೆಳೆಸಿದೆ. ಬಿಳಿ ಪ್ಲಾಸ್ಟಿಕ್ ಡಬ್ಬಿ, ಸುತ್ತ ಅಂಟಿಸಿದ ಇಂಗ್ಲಿಷ್ ಚೀಟಿ. ಅಂಚಿಗೆ ಉಗುರು ಕೊಟ್ಟು ಒಂದು ಸುತ್ತು ಎಳೆದರೆ ಸಲೀಸಾಗಿ ಬಂದುಬಿಡುತ್ತಿತ್ತು. ಮಾತ್ರೆ ಗಲಗಲ ಅನ್ನದ ಹಾಗೆ ಒಳಗೆ ಹತ್ತಿ ತುರುಕುತ್ತಿದ್ದೆ. ಬಸ್ಸಿನಲ್ಲಿ ಆ ಸದ್ದಿಗೇ ಬೆವರುವವರಿದ್ದರು. ನಮ್ಮ ಕೇಂದ್ರದ ನಂಬರನ್ನು ಒಬ್ಬರು ಗ್ಯಾಸ್‌ನವರು ಅಂತ ಸೇವ್ ಮಾಡಿಕೊಂಡರೆ ಇನ್ನೊಬ್ಬರು ಗೊಬ್ಬರದ ಅಂಗಡಿ ಅಂತ ಮಾಡಿಕೊಂಡಿದ್ದರು. ನಾನೂ ಫೋನ್ ಮಾಡಿದಾಗ ಆಯಾ ವೇಷಕ್ಕೆ ತಕ್ಕಂತೆ ಮಾತಾಡುತ್ತಿದ್ದೆ. ಜನ ಕೈ ಮುಗಿಯುತ್ತಿದ್ದರು. ನನಗೂ ಒಳಗೊಳಗೇ ದೊಡ್ಡ ಧರ್ಮಾತ್ಮನ ಭಾವ. ಸುಳ್ಳು ಯಾಕೆ, ಆ ಹೆಮ್ಮೆ ಚೆನ್ನಾಗಿಯೇ ಇತ್ತು.

ಮೊದಮೊದಲು ನಮಗೆ ಇದ್ದದ್ದು ಒಂದೇ ಚಿಂತೆ, ರೋಗಿ ಬದುಕಬೇಕು. ತೂಕ ಏರಿತೇ, ಜ್ವರ ಬಿಟ್ಟಿತೇ, ಅಷ್ಟೇ. ಹೊತ್ತು ಹೊತ್ತಿಗೆ ಹಲವು ಮಾತ್ರೆ ನುಂಗುತ್ತಿದ್ದ ಕಾಲ ಹೋಗಿ ದಿನಕ್ಕೆ ಒಂದೇ ಮಾತ್ರೆ ಬಂತು. ಜನ ಬದುಕಿದರು, ಮದುವೆ ಮಾಡಿದರು, ಮೊಮ್ಮಕ್ಕಳನ್ನು ಎತ್ತಿಕೊಂಡರು. ಬದುಕಿದ ಮೇಲೆ ವಯಸ್ಸಿನ ಕಾಯಿಲೆಗಳೂ ಬಂದವು. ಆಗ ನಮಗೆ ಕಿಡ್ನಿಯ ಪಾಠ ಶುರುವಾಯಿತು.

ಪಾಠ ಮಾಡಿದವರು ನಮ್ಮ ಡಾಕ್ಟರ್ ವಿಮಲಾ ಮೇಡಂ. ನನಗಿಂತ ಹದಿನೈದು ವರ್ಷ ಚಿಕ್ಕವರು, ನಾನು ಹೆದರುತ್ತಿದ್ದ ಒಬ್ಬರೇ ಅಧಿಕಾರಿ. ಬಂದ ವಾರವೇ ನನ್ನನ್ನು ಕೂರಿಸಿಕೊಂಡು ಹೇಳಿದರು. ಈ ವೈರಸ್ಸೇ ಕಿಡ್ನಿಗೆ ಕೈ ಹಾಕುತ್ತದೆ. ಬಿಪಿ, ಸಕ್ಕರೆ ಕಾಯಿಲೆ ಸೇರಿದರೆ ಇನ್ನೂ ಬೇಗ. ಅದರ ಮೇಲೆ, ಜೀವ ಉಳಿಸುವ ಅದೇ ಮಾತ್ರೆಯೊಳಗಿನ ಟೆನೊಫೊವಿರ್ ಎಂಬ ಔಷಧಿ ಕೆಲವರ ಕಿಡ್ನಿಗೆ ಒಗ್ಗುವುದಿಲ್ಲ. ನೋವು ಇರುವುದಿಲ್ಲ, ರೋಗಿಗೆ ಏನೂ ಗೊತ್ತಾಗುವುದಿಲ್ಲ. ಮೂತ್ರ ನೊರೆ ನೊರೆಯಾಗಬಹುದು, ಮುಖ ಊದಬಹುದು, ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಆದ್ದರಿಂದ ಮೂತ್ರ ಪರೀಕ್ಷೆ, ಮತ್ತೆ ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷೆ. ಕ್ರಿಯಾಟಿನಿನ್ ಅಂದರೆ ಕಿಡ್ನಿ ಸೋಸಿ ಹೊರಗೆ ಹಾಕಬೇಕಾದ ಒಂದು ಕಸ. ಅದು ರಕ್ತದಲ್ಲಿ ಏರಿದರೆ ಸೋಸುವವರು ಸುಸ್ತಾಗಿದ್ದಾರೆ ಅಂತ ಅರ್ಥ. "ಹಿಡಿದ ಕೂಡಲೇ ಮಾತ್ರೆ ಬದಲಾಯಿಸಿದ್ರೆ ಬಹಳ ಜನರ ಕಿಡ್ನಿ ಉಳಿಸಬಹುದು. ನಿಮ್ಮ ಕಿಟಕಿ ದಾಟದೆ ಯಾರೂ ಹೋಗಲ್ಲ. ನೀವು ಕಣ್ಣಿಡಿ" ಎಂದರು.

ಕಣ್ಣಿಟ್ಟೆ. ಮೊದಲು ಸಿಕ್ಕಿಬಿದ್ದವರು ಹೊಳೆನರಸೀಪುರದ ಒಬ್ಬ ನಿವೃತ್ತ ಸಂಸ್ಕೃತ ಮೇಷ್ಟ್ರು. ಮಾತ್ರೆಗಳನ್ನು ದೇವರ ಮನೆಯಲ್ಲಿ, ಜಪಮಣಿಯ ಪೆಟ್ಟಿಗೆಯೊಳಗೆ ಇಟ್ಟುಕೊಂಡಿದ್ದರು. ಮಡಿ ಅನ್ನುವ ಕಾರಣಕ್ಕೆ ಆ ಪೆಟ್ಟಿಗೆಯನ್ನು ಮನೆಯವರು ಯಾರೂ ಮುಟ್ಟುತ್ತಿರಲಿಲ್ಲ. ಒಂದು ದಿನ ಕಣ್ಣ ಕೆಳಗೆ ಚೀಲ ಇಳಿಬಿಟ್ಟುಕೊಂಡು ಬಂದರು. ಬೇರೆ ಏನಾದರೂ ಮಾತ್ರೆ ತಗೊಳ್ತೀರಾ ಅಂದರೆ ಇಲ್ಲವೇ ಇಲ್ಲ ಅಂದರು. ಮೇಡಂ ಮೂರು ಸಲ ಕೇಳಿದ ಮೇಲೆ, "ಮಂಡಿನೋವಿಗೆ ಅಂಗಡಿಯಲ್ಲಿ ಒಂದು ಗುಳಿಗೆ ಕೊಡ್ತಾನೆ. ಅದನ್ನೂ ಔಷಧ ಅಂತ ಲೆಕ್ಕಕ್ಕೆ ಹಿಡೀತೀರೇನಮ್ಮಾ?" ಎಂದು ಮುಗ್ಧರಾಗಿ ಕೇಳಿದರು. ಬೆಳಿಗ್ಗೆ ಒಂದು, ಸಂಜೆ ಒಂದು, ಎರಡು ವರ್ಷದಿಂದ! ನೋವಿನ ಮಾತ್ರೆಯೂ ಕಿಡ್ನಿ ಕೆಡಿಸುತ್ತದೆ. ಅದನ್ನು ನಿಲ್ಲಿಸಿದ ಮೇಲೆ ಅವರ ಮುಖದ ಊತ ಇಳಿಯಿತು. ಅಂದಿನಿಂದ ನಾನು ಪ್ರತಿಯೊಬ್ಬರನ್ನೂ "ಅಂಗಡಿ ಗುಳಿಗೆ ಏನಾದ್ರೂ?" ಎಂದು ಬೇರೆಯಾಗಿಯೇ ಕೇಳತೊಡಗಿದೆ. ನೀವೂ ಹಾಗೇ ಕೇಳಿ. ಬರೀ "ಔಷಧಿ" ಅಂದರೆ ನಮ್ಮ ಜನ ಡಾಕ್ಟರು ಬರೆದುಕೊಟ್ಟದ್ದನ್ನು ಮಾತ್ರ ಹೇಳುತ್ತಾರೆ.

ಈಗ ಜಯಮ್ಮನ ವಿಷಯ.

ಅರಕಲಗೂಡು ಕಡೆಯ ಹಳ್ಳಿಯವಳು. ಗಂಡ ಹೋಗಿ ಬಹಳ ವರ್ಷವಾಗಿತ್ತು, ಕಾಯಿಲೆ ಅವನಿಂದಲೇ ಬಂದದ್ದು. ಮನೆಯಲ್ಲಿ ಅವಳು ಮತ್ತು ಅವಳ ಅತ್ತೆ, ಇಬ್ಬರೇ. ಎರಡು ಹಸು, ಸ್ವಲ್ಪ ರಾಗಿ ಹೊಲ. ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಈ ಕಾಯಿಲೆ ಅಡುಗೆಯಿಂದ ಯಾರಿಗೂ ಹರಡುವುದಿಲ್ಲ. ಆದರೆ ಊರಿಗೆ ತಿಳಿದರೆ ಮಾರನೇ ದಿನ ಒಂದು ಮಗುವೂ ತಟ್ಟೆ ಹಿಡಿಯುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಅತ್ತೆಗೆ ತಿಳಿಯಬಾರದು. ಕಿಟಕಿಗೆ ಬಂದವಳೇ ನಗುತ್ತಾ, "ಮಾತ್ರೆ ಸಾ, ಸಿಪ್ಪೆ ಸುಲ್ದು ಕೊಡಿ" ಅನ್ನುತ್ತಿದ್ದಳು. ನಾನು ಉಗುರು ಕೊಟ್ಟು ಸುಲಿಯುತ್ತಿದ್ದೆ. ವರ್ಷಗಟ್ಟಲೆ ಒಂದು ಡೋಸೂ ತಪ್ಪಿಸದವಳು. ಅವಳ ಮೇಲೆ ನನಗೆ ಮಗಳ ಮೇಲಿನಷ್ಟು ಅಕ್ಕರೆ.

ಅಂಥವಳ ಕ್ರಿಯಾಟಿನಿನ್ ಏರಿತು, ಮೂತ್ರದಲ್ಲಿ ಪ್ರೋಟೀನ್ ಕಂಡಿತು. ಮೇಡಂ ತಡಮಾಡದೆ ಮಾತ್ರೆ ಬದಲಾಯಿಸಿದರು. ಹಳೆಯದು ಒಂದೇ ಮಾತ್ರೆ; ಹೊಸದು ಎರಡು ಡಬ್ಬಿ, ಒಂದೊಂದರಿಂದ ದಿನಕ್ಕೆ ಒಂದೊಂದು. ಮನೆಯಲ್ಲಿ ಹಳೇ ಮಾತ್ರೆಯ ಡಬ್ಬಿ ಇನ್ನೂ ಎರಡು ಉಳಿದಿದ್ದವು. ನಾನು ನಿಧಾನವಾಗಿ ಬಿಡಿಸಿ ಹೇಳಿದೆ. ಹಳೇದು ಮುಟ್ಟಬೇಡ, ಮುಂದಿನ ಸಲ ಬರುವಾಗ ವಾಪಸ್ ತಂದುಕೊಡು, ಈ ಎರಡರಿಂದ ಒಂದೊಂದು ತಗೋ. ಅವಳು ತಲೆ ಆಡಿಸಿದಳು. ಹೇಳುತ್ತಾ ಹೇಳುತ್ತಾ ನನ್ನ ಹೆಬ್ಬೆರಳು ತನ್ನ ಪಾಡಿಗೆ ತಾನು ಎರಡೂ ಡಬ್ಬಿಯ ಲೇಬಲ್ ಸುಲಿದು ಬುಟ್ಟಿಗೆ ಹಾಕಿತ್ತು.

ತಿಂಗಳು ಕಳೆದು ಬಂದಾಗ ಅವಳ ಕಾಲು ಊದಿತ್ತು. ಎರಡು ಹೆಜ್ಜೆಗೆ ಏದುಸಿರು. ಕ್ರಿಯಾಟಿನಿನ್ ಇಳಿಯುವುದಿರಲಿ, ಮೊದಲಿಗಿಂತ ದುಪ್ಪಟ್ಟಾಗಿತ್ತು. ಮೇಡಂ ಪರೀಕ್ಷೆಯ ಚೀಟಿಯನ್ನು ಹಳೆಯದರ ಪಕ್ಕ ಇಟ್ಟು ನೋಡಿದರು. ಆಮೇಲೆ, "ಹೀಗೇ ಹೋದ್ರೆ ಡಯಾಲಿಸಿಸ್‌ಗೆ ಬರೀಬೇಕಾಗುತ್ತೆ. ಮಾತ್ರೆ ಬದಲಾಯಿಸಿದ ಮೇಲೂ ಯಾಕೆ?" ಎಂದು ತಮ್ಮನ್ನೇ ಕೇಳಿಕೊಂಡರು.

ಉಳಿದ ಮಾತ್ರೆ ಎಣಿಸುವುದು ನಮ್ಮಲ್ಲಿ ಪದ್ಧತಿ. ಜಯಮ್ಮ ತಾನು ನುಂಗುತ್ತಿದ್ದ ಎರಡು ಡಬ್ಬಿಗಳನ್ನು ತಂದಿದ್ದಳು. ಮೇಡಂ ಮೇಜಿನ ಪಕ್ಕದಲ್ಲೇ ನಾನು ಒಂದನ್ನು ಅಂಗೈಗೆ ಸುರಿದುಕೊಂಡೆ. ಉದ್ದನೆಯ ಬಿಳಿ ಮಾತ್ರೆ. ಇನ್ನೊಂದನ್ನು ಸುರಿದೆ. ಸ್ವಲ್ಪ ಅಗಲ, ಅದೂ ಬಿಳಿ. ಎರಡೂ ಹಳೇ ಮಾತ್ರೆಯೇ! ಸರ್ಕಾರದಿಂದ ಒಂದೊಂದು ಸಲ ಒಂದೊಂದು ಕಂಪನಿಯ ಮಾತ್ರೆ ಬರುತ್ತಿತ್ತು, ಆದ್ದರಿಂದ ಆಕಾರ ಬೇರೆ. ನಿಲ್ಲಿಸಬೇಕಾಗಿದ್ದ ಔಷಧಿಯನ್ನೇ ಅವಳು ದಿನಕ್ಕೆ ಎರಡರಂತೆ ನುಂಗಿದ್ದಳು.

ಜಯಮ್ಮ ಬಿಕ್ಕುತ್ತಾ ಹೇಳಿದಳು. "ಮೊದ್ಲ ವಾರ ಸರ್ಯಾಗೇ ತಗಂಡೆ ಸಾ. ಆಮ್ಯಾಕೆ ಉಗಾದಿಗೆ ಅಂತ ಮನೆಗೆ ಸುಣ್ಣ ಒಡದ್ರು. ಅತ್ತೆ ಕಣ್ಗೆ ಬೀಳ್ಬಾರ್ದು ಅಂತ ನಾಕು ಡಬ್ಬೀನೂ ರಾಗಿ ಮೂಟೆ ಇಂದೆ ಬಚ್ಚಿಟ್ಟೆ. ತಿರ್ಗ ತಗುದ್ರೆ ಯಾವ್ದು ಅಳೇದು ಯಾವ್ದು ಒಸ್ದು ಗೊತ್ತಾಯ್ನಿಲ್ಲ. ಎಲ್ಡು ಬ್ಯಾರೆ ಬ್ಯಾರೆ ತರ ಇದ್ವಲ್ಲ, ಇವೇ ಒಸವು ಅಂದ್ಕಂಡೆ."

"ಫೋನ್ ಮಾಡಬಾರದಿತ್ತೇನಮ್ಮಾ?" ಮೇಡಂ ದನಿ ಏರಿತು. "ಅಷ್ಟು ಸಲ ಹೇಳಿ ಕಳಿಸಿದ್ದೀವಿ. ಓದಿದವಳು ನೀನು, ನೋಡಿ ತಗೋಬಾರದಿತ್ತಾ?"

ಜಯಮ್ಮ ತಲೆ ತಗ್ಗಿಸಿದಳು. ಏಳನೇ ಕ್ಲಾಸು ಓದಿದ್ದಳು, ನಿಜ. ಆದರೆ ನೋಡಲು ಆ ಡಬ್ಬಿಯ ಮೇಲೆ ಏನಿತ್ತು? ನಾಲ್ಕೂ ಬಿಳಿ, ನಾಲ್ಕೂ ಬೋಳು.

ನಾನು ತಕ್ಷಣ ಬಾಯಿ ಬಿಡಲಿಲ್ಲ. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬರೆಯದಿದ್ದರೆ ಇದೆಲ್ಲ ಬರೆದು ಏನು ಫಲ? ನಾಲ್ಕು ಉಸಿರಿನಷ್ಟು ಹೊತ್ತು ಸುಮ್ಮನಿದ್ದೆ. ಬೈಗುಳ ಅವಳ ಮೇಲೆಯೇ ಮುಗಿದುಹೋಗಲಿ ಅಂತ ಮನಸ್ಸು ಆಸೆಪಟ್ಟಿತು. ಆಮೇಲೆ ಅವಳ ಊದಿದ ಪಾದ ಕಣ್ಣಿಗೆ ಬಿತ್ತು. ಚಪ್ಪಲಿಯ ಬಾರು ಒಳಗೆ ಹೂತುಹೋಗಿತ್ತು. "ಮೇಡಂ, ಲೇಬಲ್ ಕಿತ್ತಿದ್ದು ನಾನು. ಇವಳದ್ದು ಒಂದೇ ಅಲ್ಲ. ಕೇಳಿದವರಿಗೆಲ್ಲ ಕಿತ್ತುಕೊಟ್ಟಿದ್ದೀನಿ" ಎಂದೆ.

ಮೇಡಂ ನನ್ನ ಮುಖ ನೋಡಿದರು, ಕೈ ನೋಡಿದರು. ಅಷ್ಟರಲ್ಲಿ ಜಯಮ್ಮ ಕುರ್ಚಿಯಿಂದ ಏಳಲು ಹೋದಳು. "ಸಾರ್ನ ಬೈಬ್ಯಾಡಿ ಮೇಡಮ್ಮಾರೆ. ಕಿತ್ಕೊಡಿ ಅಂತ ನಾನೇ ಕೇಳಿದ್ದು. ನನ್ ಮರ್ವಾದೆ ಉಳೀಲಿ ಅಂತ ಮಾಡುದ್ರು ಅವ್ರು" ಅಂದಳು. ಅವಳ ಕಿಡ್ನಿಯನ್ನು ಕೆಡಿಸಿದವನ ಪರವಾಗಿ ಅವಳೇ ವಕಾಲತ್ತು ವಹಿಸುತ್ತಿದ್ದಳು.

ಮೇಡಂ ಬೈಯಲಿಲ್ಲ. ತಮ್ಮ ಬ್ಯಾಗಿನಿಂದ ಉಗುರು ಕತ್ತರಿಸುವ ಕಟರ್ ತೆಗೆದು ನನ್ನ ಮುಂದೆ ಇಟ್ಟರು. ನಾನು ಅಲ್ಲೇ ನಿಂತು ಕತ್ತರಿಸಿದೆ. ಟಪ್ ಅಂತ ಬಿದ್ದ ತುಂಡನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡೆ. ಯಾಕೆ ಹಾಗೆ ಮಾಡಿದೆನೋ ಇಂದಿಗೂ ತಿಳಿಯದು.

ಆವತ್ತು ಅವಳಿಗೆ ಹೊಸ ಮಾತ್ರೆಯ ಎರಡು ಹೊಸ ಡಬ್ಬಿ ಕೊಟ್ಟೆ, ಲೇಬಲ್ ಸಮೇತ. ಅದರ ಮೇಲೆ ಕನ್ನಡದಲ್ಲಿ ದಪ್ಪಗೆ ತಾರೀಕನ್ನೂ ಬರೆದೆ. ಮೇಡಂ ಎರಡು ಮಾತು ಹೇಳಿದರು. ಮುಂದಿನ ಸೋಮವಾರ ತಪ್ಪದೆ ರಕ್ತ ಪರೀಕ್ಷೆಗೆ ಬರಬೇಕು, ಇಳಿಯದಿದ್ದರೆ ಡಯಾಲಿಸಿಸ್. ಮತ್ತೆ, ಮನೆಯಲ್ಲಿ ಒಬ್ಬರಿಗೆ ವಿಷಯ ಗೊತ್ತಿರಲೇಬೇಕು. "ನೀನು ಜ್ಞಾನ ತಪ್ಪಿ ಬಿದ್ದರೆ ಯಾವ ಮಾತ್ರೆ ತಗೊಳ್ತಿದ್ದೆ ಅಂತ ಹೇಳೋರು ಯಾರಮ್ಮಾ?"

"ಅತ್ತೆ ಒಬ್ರೇ ಇರಾದು. ತಿಳುದ್ರೆ ಅವ್ರು ನನ್ ಕೈಲಿ ನೀರೂ ಇಸ್ಕಳಾಕಿಲ್ಲ" ಅಂದಳು ಜಯಮ್ಮ. ನಮ್ಮ ಕೇಂದ್ರದ ಆಪ್ತಸಮಾಲೋಚಕಿ ತಾನು ಬಂದು ಹೇಳುತ್ತೇನೆ ಅಂದರೂ ಒಪ್ಪಲಿಲ್ಲ. "ಅತ್ತೆಗೆ ಏಳಾದಾದ್ರೆ ನಾನೇ ಏಳ್ತೀನಿ" ಎಂದು ಎದ್ದುಹೋದಳು.

ಸೋಮವಾರ ಬಂತು. ಜಯಮ್ಮ ಬರಲಿಲ್ಲ. ಮಂಗಳವಾರವೂ ಇಲ್ಲ. ಕಿಟಕಿಯ ಹೊರಗಿನ ಬೆಂಚು ನೋಡಿದಾಗಲೆಲ್ಲ ಚಪ್ಪಲಿ ಸರಿಯಾಗಿ ಮೆಟ್ಟದೆ ನಡೆದುಹೋದ ಲಕ್ಷ್ಮಿ ನೆನಪಾಗುತ್ತಿದ್ದಳು. ಒಬ್ಬಳನ್ನು ಕೂಗಿ ಕಳೆದುಕೊಂಡೆ, ಇನ್ನೊಬ್ಬಳನ್ನು ಮುಚ್ಚಿಟ್ಟು ಕಳೆದುಕೊಂಡೆ ಅನ್ನಿಸಿ ಊಟ ಸೇರಲಿಲ್ಲ. ಬುಧವಾರ ಬೆಳಿಗ್ಗೆ ತಡೆಯಲಾರದೆ ಫೋನ್ ಮಾಡಿದೆ. ಅವಳ ಫೋನಿನಲ್ಲಿ ನಾನು ಟೈಲರ್. ಆ ಕಡೆಯಿಂದ ಮುದುಕಿಯ ದನಿ ಬಂತು.

"ಅಮ್ಮಾ, ನಾನು ಟೈಲರ್ರು. ಜಯಮ್ಮನ ಬ್ಲೌಸು ರೆಡಿಯಾಗಿದೆ, ಅದಕ್ಕೇ..."

"ಯಾವ್ ಟೈಲರ್ಲಾ?" ಎಂದಿತು ದನಿ. "ನೀನು ಮಾತ್ರೆ ಕೊಡೋನಲ್ವೇನಪ್ಪಾ?"

"ಹೌದಮ್ಮಾ" ಎಂದು ಒಪ್ಪಿಕೊಂಡೆ.

"ಅವ್ಳು ಎಲ್ಲಾನೂವೆ ಏಳವ್ಳೆ. ಕಾಲು ಬಾವು, ಬಸ್ ಅತ್ತಕಾಯ್ನಿಲ್ಲ. ನಾಳೆ ನಾನೇ ಕರ್ಕಂಡ್ ಬತ್ತೀನಿ. ನೀನು ಅಲ್ಲೇ ಇರು" ಅಂದು ಫೋನ್ ಇಟ್ಟುಬಿಟ್ಟರು.

ಗುರುವಾರ ಇಬ್ಬರೂ ಬಂದರು. ಅತ್ತೆಯ ಕೈ ಹಿಡಿದು ಸೊಸೆ ಬರುವುದನ್ನು ಕಂಡಿದ್ದೇನೆ. ಇಲ್ಲಿ ಎಪ್ಪತ್ತು ದಾಟಿದ ಅತ್ತೆಯೇ ಸೊಸೆಯ ಸೊಂಟಕ್ಕೆ ಕೈ ಕೊಟ್ಟು ನಡೆಸಿಕೊಂಡು ಬರುತ್ತಿದ್ದರು. ಜಯಮ್ಮ ರಕ್ತ ಕೊಡಲು ಒಳಗೆ ಹೋದ ಮೇಲೆ ಅಜ್ಜಿ ನನ್ನ ಕಿಟಕಿಗೆ ಬಂದರು. "ಎಲ್ಡು ದಿನ ನಾನು ಮಾತಾಡ್ನಿಲ್ಲ ಕಣಪ್ಪ. ಅವ್ಳು ಕಾಸಿದ್ ಕಾಪೀನೂ ಮುಟ್ನಿಲ್ಲ. ಆಮ್ಯಾಕೆ ಅನ್ನುಸ್ತು, ಇದುನ್ನ ಮನೇಗ್ ತಂದೋನು ನನ್ ಮಗಾನೆ. ಇಷ್ಟ್ ವರ್ಸ ಅವ್ಳು ಒಬ್ಳೇ ಒತ್ತವ್ಳೆ, ನಂಗೆ ನೋವಾಯ್ತದೆ ಅಂತ ಬಾಯಿ ಬುಟ್ಟಿಲ್ಲ. ನಾನು ಕಾಪಿ ಬುಟ್ಟು ಕುಂತೀವ್ನಲ್ಲ, ಎಂಥಾ ಎಂಗ್ಸು ನಾನು ಅಂತ" ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು.

ಆ ದಿನದ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಚೂರು ಇಳಿದಿತ್ತು. ಮುಂದಿನ ತಿಂಗಳುಗಳಲ್ಲಿ ಇನ್ನಷ್ಟು ಇಳಿಯಿತು. ಪೂರ್ತಿ ಮೊದಲಿನ ಹಾಗಾಗಲಿಲ್ಲ, ಇನ್ನು ಆಗುವುದೂ ಇಲ್ಲ ಅಂತ ಮೇಡಂ ಹೇಳಿದರು. ಅಷ್ಟು ಪಾಲನ್ನು ನನ್ನ ಉಗುರು ತಿಂದುಹಾಕಿದೆ. ಆದರೆ ಡಯಾಲಿಸಿಸ್ ಬೇಕಾಗಲಿಲ್ಲ. ನಾನು ನಿವೃತ್ತಿಯಾದ ದಿನವೂ ಜಯಮ್ಮ ಅದೇ ಶಾಲೆಯಲ್ಲಿ ಸಾರು ಕುದಿಸುತ್ತಿದ್ದಳು. ಲೇಬಲ್ ಕಿತ್ತುಕೊಟ್ಟ ಉಳಿದವರನ್ನೆಲ್ಲ ಒಬ್ಬೊಬ್ಬರಾಗಿ ಕರೆದು, ಡಬ್ಬಿ ತರಿಸಿ, ಸರಿ ಮಾಡಲು ನನಗೆ ಆರು ತಿಂಗಳು ಹಿಡಿಯಿತು. ಗುಟ್ಟು ಕಾಪಾಡುವುದು ನಮ್ಮ ಕೆಲಸವೇ. ಆದರೆ ರೋಗಿಗೇ ಗುಟ್ಟಾಗಿ ಹೋಗುವ ಹಾಗೆ ಕಾಪಾಡಬೇಡಿ, ಮಕ್ಕಳೇ. ಲೇಬಲ್ ಮುಚ್ಚಲು ಒಂದು ಬಟ್ಟೆಯ ಚೀಲ ಹೊಲಿಸಿಕೊಟ್ಟರೆ ಸಾಕು. ಆಮೇಲೆ ನಾವು ಮಾಡಿದ್ದೂ ಅದನ್ನೇ.

ಆದರೆ ನಾನು ಹೇಳಬೇಕೆಂದಿದ್ದು ಆ ಗುರುವಾರದ ಮಾತು. ಅಜ್ಜಿ ತಮ್ಮ ಕೈಚೀಲದಿಂದ ಮೊದಲು ಒಂದು ಗಂಟು ತೆಗೆದರು. ಬಿಚ್ಚಿದರೆ ಮನೆಯಲ್ಲಿ ಉಳಿದಿದ್ದ ಬೋಳು ಡಬ್ಬಿಗಳು. "ಇವು ಬ್ಯಾಡ, ನೀನೇ ಇಟ್ಕೋ" ಅಂದರು. ಆಮೇಲೆ ಹೊಸ ಡಬ್ಬಿ ಎರಡನ್ನು ತೆಗೆದು ಕಿಟಕಿ ಕಟ್ಟೆಯ ಮೇಲೆ ನೆಟ್ಟಗೆ ಇಟ್ಟರು. ಲೇಬಲ್ ಹಾಗೇ ಇತ್ತು. ಲೇಬಲ್ಲಿನ ನಡುವೆ, ಹೊಸ ಪಾತ್ರೆ ಮನೆಗೆ ತಂದ ದಿನ ಇಡುತ್ತೇವಲ್ಲ, ಹಾಗೆ ಅರಿಶಿನ ಕುಂಕುಮ ಇಟ್ಟಿದ್ದರು.

"ನಂಗೆ ಓದಾಕ್ ಬರಾಕಿಲ್ಲ ಕಣಪ್ಪ, ಅದ್ಕೆ ಗುರ್ತು. ಇದು ಅವ್ಳನ್ನ ಉಳ್ಸೋದು ಅಂತ" ಅಂದರು ಅಜ್ಜಿ.

ಅಷ್ಟರಲ್ಲಿ ಜಯಮ್ಮ ಬಂದು ಅವರ ಪಕ್ಕ ನಿಂತಳು. ಇಬ್ಬರ ಹಣೆಯೂ ಬರಿದು. ನಾನು ಡಬ್ಬಿ ಕೈಗೆ ತೆಗೆದುಕೊಂಡೆ. ಹಳೇ ಚಾಳಿ, ಹೆಬ್ಬೆರಳು ತಾನೇ ಲೇಬಲ್ಲಿನ ಅಂಚಿಗೆ ಹೋಯಿತು. ಉಗುರಿರಲಿಲ್ಲ, ಬೆರಳು ಕಾಗದದ ಮೇಲೆ ಸುಮ್ಮನೆ ಜಾರಿತು, ಕುಂಕುಮ ಹತ್ತಿತು. ಆವತ್ತು ಸಂಜೆ ಮನೆಗೆ ಹೋಗುವವರೆಗೂ ಆ ಕೈ ತೊಳೆಯಲು ನನಗೆ ಮನಸ್ಸಾಗಲಿಲ್ಲ.